ಕಂಪಾಸ್ ಬಾಕ್ಸಿನಲ್ಲಿ ಅರ್ಧ ಸೂಜಿ

"ಸೂಜಿಯ ಇನ್ನೊಂದು ತುಂಡು ಎಲ್ಲಿದೆ?" ಎಂದು ಡಾಕ್ಟರ್ ಜಗದಾಂಬ ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಷ್ಮಿತಾ ತೊಡೆಯ ಮೇಲಿದ್ದ ಸ್ಕೂಲ್ ಬ್ಯಾಗನ್ನು ಅವುಚಿಕೊಂಡಳು.

"ಸಿಗ್ಲಿಲ್ರೀ ಮೇಡಂ. ಕೌದಿ ಎಲ್ಲಾ ಕೊಡವಿದ್ವಿ," ಎಂದ ಅಪ್ಪ ಪುಟ್ಟಪ್ಪ.

ಬೆಳಿಗ್ಗೆ ಅಜ್ಜಿ ದುರುಗಮ್ಮ ಹಳೆ ಸೀರೆ ತುಂಡುಗಳಿಂದ ಅರ್ಧ ಹೊಲಿದಿದ್ದ ಕೌದಿಯನ್ನು ತುಳಿದಾಗ, ಮುರಿದ ಸೂಜಿಯ ಮೊನೆ ಅಂಗಾಲಿಗೆ ಹೊಕ್ಕಿತ್ತು. ಈಗ ಶಿಕಾರಿಪುರದ ಆಸ್ಪತ್ರೆಯಲ್ಲಿ ಊದಿದ ಕಾಲು ಚಾಚಿ ಮಲಗಿದ್ದಳು.

"ಸೂಜಿ ರಕ್ತದಾಗೆ ಹರಕಂತ ಎದಿಗೆ ಹೋಗ್ತೈತಂತೆ, ಹೌದೇನ್ರೀ?"

ತಮ್ಮೂರು ಈಸೂರಿನಲ್ಲಿ ಯಾರಿಗೂ ಹೆದರದ ಅಜ್ಜಿಯ ದನಿ ನಡುಗುತ್ತಿತ್ತು. ಅದನ್ನು ಕೇಳಿ ಸುಷ್ಮಿತಾಗೆ ಇನ್ನೂ ಭಯವಾಯಿತು.

"ಹಾಗೆಲ್ಲ ಹೋಗಲ್ಲಮ್ಮ." ಡಾಕ್ಟರ್ ತೆಳ್ಳನೆಯ ಕಡ್ಡಿಯೊಂದನ್ನು ತೋರಿಸಿದರು. "ಇದರ ತುದೀಲಿ ಮ್ಯಾಗ್ನೆಟ್ ಇದೆ. ಅಕ್ಕಿಕಾಳಷ್ಟು ಕೊಯ್ದು ಒಳಗೆ ಬಿಟ್ರೆ ಸೂಜಿ ಅಂಟಿಕೊಂಡು ಬರುತ್ತೆ. ಆದ್ರೆ ಎಲ್ಲಾ ಸೂಜಿನೂ ಅಂಟಲ್ಲ. ಅಂಟದಿದ್ರೆ ದೊಡ್ಡದಾಗಿ ಕೊಯ್ದು ಹುಡುಕಬೇಕು. ನಿಮಗೆ ಶುಗರ್ ಬೇರೆ ಇದೆ, ಗಾಯ ಬೇಗ ಮಾಯಲ್ಲ. ಆ ತುಂಡು ಸಿಕ್ಕಿದ್ರೆ ಈಗಲೇ ಟೆಸ್ಟ್ ಮಾಡಬಹುದಿತ್ತು."

ಆ ತುಂಡು ಸುಷ್ಮಿತಾಳ ಕಂಪಾಸ್ ಬಾಕ್ಸಿನಲ್ಲಿತ್ತು!

ಕೌದಿ ಮುಟ್ಟಬೇಡ ಎಂದು ಅಜ್ಜಿ ಹೇಳಿದ್ದರೂ ನಿನ್ನೆ ಸಂಜೆ ಅವಳು ಕದ್ದು ಹೊಲಿಯಲು ಕೂತಿದ್ದಳು. ಸೂಜಿ ಪಟ್ಟನೆ ಮುರಿಯಿತು. ಕೈಯಲ್ಲಿ ಉಳಿದ ತುಂಡನ್ನು ಬಚ್ಚಿಟ್ಟಳು. ಮೊನೆ ಎಲ್ಲಿ ಬಿತ್ತೆಂದು ಹುಡುಕಲೇ ಇಲ್ಲ.

ಹೇಳಿದರೆ ಅಪ್ಪ ಸುಮ್ಮನೆ ಬಿಡುವುದಿಲ್ಲ. ಹೇಳದಿದ್ದರೆ ಅಜ್ಜಿಯ ಕಾಲು?

"ಮೇಡಂ..." ಅವಸರದಲ್ಲಿ ಬಾಕ್ಸ್ ತೆರೆದಾಗ ಸ್ಕೇಲು, ರಬ್ಬರು ಎಲ್ಲ ನೆಲಕ್ಕೆ ಬಿದ್ದವು. "ನಾನೇ ಮುರಿದಿದ್ದು. ಬೈತಾರಂತ ಹೇಳ್ಲಿಲ್ಲ."

ಅಪ್ಪ ದುರುಗುಟ್ಟಿ ನೋಡಿದ. ಡಾಕ್ಟರ್ ಮಾತ್ರ ತುಂಡನ್ನು ತಟ್ಟೆಯಲ್ಲಿಟ್ಟು ಕಡ್ಡಿಯನ್ನು ಹತ್ತಿರ ತಂದರು.

ಟಕ್! ಅಂಟಿಕೊಂಡಿತು.

"ಬದುಕಿದ್ವಿ," ಎಂದು ಡಾಕ್ಟರ್ ನಕ್ಕರು.

ಅರ್ಧ ಗಂಟೆ ಸುಷ್ಮಿತಾ ಹೊರಗೆ ಬಾಗಿಲನ್ನೇ ನೋಡುತ್ತಾ ಕೂತಳು. ಅಪ್ಪ ಬೈಯಲಿಲ್ಲ. ಕೊನೆಗೆ ಅಜ್ಜಿ ಮೊನೆ ತೆಗೆಸಿಕೊಂಡು, ಅಂಗಾಲಿಗೆ ಸಣ್ಣ ಪಟ್ಟಿ ಹಾಕಿಸಿಕೊಂಡು ಹೊರಗೆ ಬಂದಳು.

ಮೂರು ದಿನದ ಮೇಲೆ ಅಜ್ಜಿ ಮತ್ತೆ ಕೌದಿ ಹಾಸಿದಳು.

"ಬಾರೇ ಇಲ್ಲಿ, ದಾರ ಪೋಣ್ಸು. ಇನ್ನು ಕದ್ದು ಬ್ಯಾಡ, ನನ್ನ ಮುಂದೆ ಕುಂತು ನಾಕು ಹೊಲಿಗೆ ಹಾಕು."

ಸುಷ್ಮಿತಾ ಹಾಕಿದಳು. ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಆಮೇಲೆ, ಯಾರೂ ಹೇಳದಿದ್ದರೂ, ಕೌದಿಯ ಈ ಮೂಲೆಯಿಂದ ಆ ಮೂಲೆಯವರೆಗೆ ನಿಧಾನವಾಗಿ ಅಂಗೈ ಆಡಿಸಿದಳು.

ಅಜ್ಜಿ ಅದನ್ನು ನೋಡಿ, ಪಟ್ಟಿ ಕಟ್ಟಿದ ಕಾಲನ್ನು ಕೌದಿಯ ಮೇಲೆ ಊರಿದಳು.