ಮೂಡಣಕ್ಕೆ ಮುಖ ಮಾಡಿ ಇಳಿದ ವಿಮಾನ

ರೆಕ್ಕೆಯ ಮೇಲಿನ ಇಬ್ಬನಿಯನ್ನು ರಮ್ಯ ಹಳೇ ಪಂಚೆಯಿಂದ ಒರೆಸುತ್ತಿದ್ದಳು. ಒರೆಸುತ್ತಲೇ ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಚಿಕ್ಕಪ್ಪ ನಂದಕುಮಾರ್ ಶೆಟ್ಟಿಹಳ್ಳಿಯ ಶೆಡ್ಡಿನಲ್ಲಿ ಮೂರು ವರ್ಷ ಕೂತು ಕಟ್ಟಿದ ಎರಡು ಸೀಟಿನ ಪುಟ್ಟ ವಿಮಾನ ಅದು. ಕೊಳವೆಗಳನ್ನು ಬೆಸೆದವನು ಚಿಕ್ಕಪ್ಪನ ಗೆಳೆಯ ವಹಾಬ್. ರೆಕ್ಕೆಯ ಬಟ್ಟೆ ಹೊಲಿದವಳು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ರಮ್ಯ.

ಇವತ್ತು ಚಿಕ್ಕಜಾಲದಾಚೆಯ ಈ ಒಣಗಿದ ಕೆರೆಯಂಗಳದಿಂದ ಏರಬೇಕು, ಒಂದು ಸುತ್ತು ಹಾಕಬೇಕು, ಇಳಿಯಬೇಕು. ಅಷ್ಟೇ.

ಅಜ್ಜಿ ಮುನಿನಾರಾಯಣಮ್ಮ ಚಕ್ರದಡಿ ನಿಂಬೆಹಣ್ಣಿಟ್ಟು ಮಗನಿಗೆ ಹೇಳಿದಳು, "ನಂದಾ, ಇಳಿಯೋವಾಗ ಮೂಡ್ಲಕ್ಕೆ ಮೊಕ ಮಾಡಿ ಇಳಿ. ಮೊದಲ್ನೇ ಸಲ ಕಣಪ್ಪ."

"ಆಯ್ತಮ್ಮ, ಹಂಗೇ ಇಳೀತೀನಿ."

ವಿಮಾನ ಕುಪ್ಪಳಿಸಿ ಎದ್ದಿತು. ನೀಲಗಿರಿ ತೋಪಿನ ತುದಿ ಸವರಿ, ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಮುಂದೆ ಹಾದು, ಎಳೆ ಬಿಸಿಲಿನಲ್ಲಿ ಹಳದಿಯಾಗಿ ಹೊಳೆಯುತ್ತ ದೂರದಲ್ಲಿ ಬಾಗಿ ತಿರುಗಿತು. ರಮ್ಯ ಉಸಿರು ಬಿಡುವುದನ್ನೂ ಮರೆತು ನೋಡಿದಳು.

ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಅವಳು ಬಿದಿರುಗಳಕ್ಕೆ ಕಟ್ಟಿದ್ದ ಕೆಂಪು ಬಟ್ಟೆ ಪೂರ್ವಕ್ಕೆ ಪಟಪಟಿಸಿತು. ಇಳಿಯುವುದು ಯಾವಾಗಲೂ ಗಾಳಿಗೆ ಎದುರಾಗಿ. ಅಂದರೆ ಈಗ ಪಡುವಣಕ್ಕೆ.

ಚಿಕ್ಕಪ್ಪ ಮೂಡಣಕ್ಕೇ ಬಂದ.

"ಬೇಡ ಗುರು! ಎತ್ತು, ಎತ್ತು!" ವಹಾಬ್ ಕಿರುಚಿದ.

ಚಕ್ರ ನೆಲ ಮುಟ್ಟಿತು. ನೆಗೆಯಿತು. ಮತ್ತೆ ಮುಟ್ಟಿತು. ಗಾಳಿ ಬೆನ್ನಿಗೆ ಬಿದ್ದು ನೂಕಿತು. ಅಂಗಳ ಮುಗಿದರೂ ನಿಲ್ಲದೆ ವಿಮಾನ ತಗ್ಗಿನ ಕೆಸರಿನಲ್ಲಿ ಬೆಳೆದ ಆಳೆತ್ತರದ ಜೊಂಡಿಗೆ ನುಗ್ಗಿ ಮಾಯವಾಯಿತು.

ಪರ್‍ರನೆ ಬಟ್ಟೆ ಹರಿದ ಸದ್ದು.

ರಮ್ಯ ಜೊಂಡಿನ ಕಡೆ ಓಡಿದಳು. ನನ್ನ ಹೊಲಿಗೆಯೇ ಬಿಟ್ಟುಹೋಯಿತೇ? ನನ್ನಿಂದ ಚಿಕ್ಕಪ್ಪನಿಗೆ ಏನಾದರೂ ಆಯಿತೇ?

"ನೆಟ್ಟಗ್ ಓಗ್ಬೇಡ್ರೋ, ಕೆಸರಲ್ಲಿ ಊತ್ಕೋತೀರ! ಎಮ್ಮೆ ಜಾಡಲ್ಲಿ ಓಗಿ!" ಅಜ್ಜಿ ಕೂಗಿದಳು.

ಹಗುರವಾಗಿದ್ದ ರಮ್ಯ ಮುಂದೆ. ಅವಳ ವೇಲಿನ ತುದಿ ಹಿಡಿದು ವಹಾಬ್ ಹಿಂದೆ. ಕೆಸರು ಮೊಣಕಾಲಿಗೆ ಬಂತು. ಜೊಂಡು ಕೈ ಕೊಯ್ದಿತು. ಜಾಡು ಕವಲಾದಲ್ಲಿ ಅವಳು ಮೂಗರಳಿಸಿದಳು. ಪೆಟ್ರೋಲ್ ವಾಸನೆ ಎಡಕ್ಕಿತ್ತು.

"ಚಿಕ್ಕಪ್ಪಾ!"

"ಇಲ್ಲೇ ಇದೀನಿ ಕಣೇ. ತಲೆಕೆಳಗಾಗಿ."

ಮಗುಚಿದ ವಿಮಾನದಲ್ಲಿ ಅವನು ಬೆಲ್ಟಿಗೆ ಬಾವಲಿಯಂತೆ ನೇತಾಡುತ್ತಿದ್ದ. ಬೆಲ್ಟಿನ ಕೊಂಡಿ ಸಿಕ್ಕಿಕೊಂಡಿತ್ತು. ವಹಾಬ್ ಪೆಟ್ರೋಲ್ ಬಂದ್ ಮಾಡಿ ಭುಜ ಕೊಟ್ಟ. ರಮ್ಯ ಸೊಂಟದಿಂದ ಕತ್ತರಿ ತೆಗೆದು ಬೆಲ್ಟು ಕತ್ತರಿಸಿದಳು. ಇಬ್ಬರು ಗಂಡಸರೂ ದೊಪ್ಪನೆ ಕೆಸರಿಗೆ ಬಿದ್ದರು. ಚಿಕ್ಕಪ್ಪನ ಹಣೆ ಸ್ವಲ್ಪ ತರಚಿತ್ತು, ಅಷ್ಟೇ.

"ನನ್ ವೆಲ್ಡಿಂಗ್ ನೋಡು ಗುರು, ಒಂದೂ ಬಿಟ್ಟಿಲ್ಲ!" ಎಂದ ವಹಾಬ್, ಬಾಯಿಂದ ಕೆಸರು ಉಗಿಯುತ್ತ.

ರಮ್ಯ ರೆಕ್ಕೆಯನ್ನೇ ತಡವುತ್ತಿದ್ದಳು. ಕೊರಡೊಂದು ಬಟ್ಟೆಯನ್ನು ಸೀಳಿತ್ತು. ಆ ಸೀಳು ಅವಳ ಹೊಲಿಗೆಯವರೆಗೆ ಬಂದು ನಿಂತುಬಿಟ್ಟಿತ್ತು.

"ತಪ್ಪು ನಂದೇ ಕಣೇ," ಎಂದ ಚಿಕ್ಕಪ್ಪ. "ಬಿಸಿಲು ಕಣ್ಣಿಗೆ ಹೊಡೀತಿತ್ತು, ನಿನ್ ಕೆಂಪು ಬಟ್ಟೆ ಕಾಣ್ಲಿಲ್ಲ. ಇನ್ನೊಂದ್ ಸುತ್ತು ಹಾಕಿ ನೋಡ್ಬೇಕಿತ್ತು. ಅಮ್ಮಂಗೆ ಮಾತು ಕೊಟ್ಟಿದೀನಲ್ಲ ಅಂತ ಇಳಿಸ್ಬಿಟ್ಟೆ."

ದಡದಿಂದ ಅಜ್ಜಿ ಗುಡುಗಿದಳು, "ನಾನ್ ಏಳ್ದೆ ಅಂತ ಕೆರೆಗ್ ಬೀಳ್ತಾರೇನೋ, ಮುಂಡೇದೆ!"

ಮೂವರೂ ಬಿದ್ದೂ ಬಿದ್ದೂ ನಕ್ಕರು.

ಹಗ್ಗ ಕಟ್ಟಿ, ಅಜ್ಜಿಯ ಎಮ್ಮೆಗಳಿಂದ ಎಳೆಸಿ, ಮಧ್ಯಾಹ್ನದ ಹೊತ್ತಿಗೆ ವಿಮಾನವನ್ನು ಅಂಗಳಕ್ಕೆ ತಂದು ನೆಟ್ಟಗೆ ನಿಲ್ಲಿಸಿದರು. ಒಂದು ಚಕ್ರ ಇರಲಿಲ್ಲ, ಮೂತಿ ಸೊಟ್ಟಗಾಗಿತ್ತು. ಆದರೂ ಅದು ಹಾರಿತ್ತು.

ರಮ್ಯ ಹಿಂದಿನ ಸೀಟಿಗೆ ಹತ್ತಿ ಕೂತಳು. ಚಿಕ್ಕಪ್ಪ ಹಗ್ಗ ಸುತ್ತುವುದನ್ನು ನಿಲ್ಲಿಸಿದ. ಅಜ್ಜಿ ವಹಾಬನ ಮುಖ ನೋಡಿದಳು, ವಹಾಬ್ ಎಮ್ಮೆಗಳ ಕಡೆ ನೋಡಿದ.

"ಚಿಕ್ಕಪ್ಪ, ಮುಂದಿನ್ ಸಲ ನನ್ನೂ ಕರ್ಕೊಂಡ್ ಹೋಗು."