ಇಳಿಯುವವರ ಗುರುತು

ಬೆಟ್ಟ ಬೇಡ ಎಂದು ಎಡ ಮಂಡಿ ಬೆಳಗಿನಿಂದಲೇ ರಾಗ ತೆಗೆದಿತ್ತು. ನರ್ಸ್ ಕೇಳಲಿಲ್ಲ. ವಾರವಿಡೀ ವಾರ್ಡಿನಲ್ಲಿ ನಿಂತೇ ಸವೆದ ಕಾಲು; ಭಾನುವಾರವಾದರೂ ಮಲಗಿರಬಾರದೇ ಎಂದರೆ, ಊಹ್ಞೂಂ. ಮೂರು ವರ್ಷಗಳಿಂದ ಪ್ರತಿ ಭಾನುವಾರ ಅವಳು ಊರ ಹಿಂದಿನ ಈ ಕಡಿದಾದ ಬೆಟ್ಟ ಹತ್ತುತ್ತಾಳೆ. ಯಾಕೆಂದು ಯಾರಾದರೂ ಕೇಳಿದರೆ "ಗಾಳಿ ಚೆನ್ನಾಗಿರುತ್ತೆ" ಅನ್ನುತ್ತಾಳೆ. ಗಾಳಿಯೇನು, ಕೆಳಗೆ ಸಮುದ್ರದ ದಂಡೆಯಲ್ಲೂ ಚೆನ್ನಾಗಿಯೇ ಇದೆ.

ನಿಜವಾದ ಕಾರಣ ಅವಳ ಮುಂದೆಯೇ ಹತ್ತುತ್ತಿತ್ತು, ಹಳದಿ ಬಣ್ಣದ ಡಬ್ಬಿ ಹಿಡಿದುಕೊಂಡು.

ಅವನು ಪೇಂಟರ್. ವಾರವಿಡೀ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಾನೆ. ಭಾನುವಾರ ಈ ದಾರಿಯ ಬಂಡೆಗಳ ಮೇಲೆ ಮಾಸಿದ ಬಾಣಗಳನ್ನು ತಿದ್ದುತ್ತಾನೆ. ಬಾಣಗಳೆಲ್ಲ ಹತ್ತುವವರ ಕಣ್ಣಿಗೆ ಬೀಳುವ ಮಗ್ಗುಲಲ್ಲೇ. ಇಳಿಯುವವರಿಗೆ ಬಂಡೆ ದಾಟಿ ಹಿಂದಿರುಗಿ ನೋಡಿದರಷ್ಟೇ ಕಾಣುತ್ತವೆ. "ಹತ್ತಿದವ್ರಿಗೆ ಇಳಿಯೋದು ಗೊತ್ತಿರುತ್ತಲ್ರೀ" ಎಂಬುದು ಅವನ ವಾದ. ಊರಿಗೆಲ್ಲ ಅವಳು 'ಸಿಸ್ಟರ್'. ಇವನೊಬ್ಬ ಮಾತ್ರ ಒಂದು ಸಲವೂ ಹಾಗೆ ಕರೆದವನಲ್ಲ. ಬರೀ 'ರೀ'. ಅಷ್ಟನ್ನೇ ನಂಬಿಕೊಂಡು ಮೂರು ವರ್ಷ ಬೆಟ್ಟ ಹತ್ತಿದ್ದಾಳೆ, ಹುಚ್ಚಿ.

ತುದಿ ತಲುಪಿದಾಗ "ಉಸ್ಸಪ್ಪಾ!" ಎಂದು ಕುಸಿದು ಕೂತಳು. ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಎಂದಿನಂತೆ ಮೊದಲು ಅವಳಿಗೇ ಕೊಟ್ಟ.

"ಕಿವಿಗೆ ಬಣ್ಣ ಹತ್ತಿದೆ" ಎಂದಳು.

"ಯಾವ ಕಿವಿಗೆ?"

"ಬಲಗಡೆ."

ಅವನು ಒರೆಸಿಕೊಂಡ. ಕೈಯಲ್ಲಿದ್ದ ಬಣ್ಣವೂ ಕಿವಿಗೇ ಹತ್ತಿತು. ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂದಂತಾಯಿತು.

"ನಂಗೆ ಟ್ರಾನ್ಸ್‌ಫರ್ ಕೊಡ್ತಾರಂತೆ ರೀ. ತಂಗಿ ಇರೋ ಊರಿಗೆ. 'ಅಕ್ಕಾ, ಎಷ್ಟು ದಿನ ಅಂತ ಒಬ್ಳೇ ಇರ್ತೀಯ, ಬಂದ್ಬಿಡು' ಅಂತ ಅವಳದ್ದು ಒಂದೇ ಹಟ. ನಾಳೆ ಬೆಳಿಗ್ಗೆ ಹೂಂ ಅಥವಾ ಊಹ್ಞೂಂ ಹೇಳ್ಬೇಕು."

ತುದಿಯ ಬಂಡೆಯ ಬಾಣ ತಿದ್ದುತ್ತಿದ್ದ ಅವನ ಬ್ರಷ್ ನಿಂತಿತು. ಅವಳು ಕಾದಳು. ಹೋಗಬೇಡ ಅನ್ನು ಮಾರಾಯಾ, ಒಂದು ಸಲ ಅನ್ನು.

"ಅಲ್ಲಿ ಬೆಟ್ಟ ಇದ್ಯಾ?" ಎಂದು ಕೇಳಿದ.

"ಇಲ್ಲ. ಎಲ್ಲಾ ಸಪಾಟು."

"ಹಾಗಾದ್ರೆ ಒಳ್ಳೇದೇ... ನಿಮ್ಮ ಮಂಡಿಗೆ."

ಮಂಡಿಗಂತೆ! ಮೂರು ವರ್ಷ ಕಾದಿದ್ದು ಈ ಮಾತಿಗಾ? ಮುಚ್ಚಳ ಕುಕ್ಕಿ ಎದ್ದವಳು ತಿರುಗಿ ನೋಡದೆ ಇಳಿದಳು. "ರೀ, ನಿಲ್ರೀ" ಅಂದದ್ದು ಕೇಳಿಸಿತು. ನಿಲ್ಲಲಿಲ್ಲ. ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು. ಇನ್ನು ಆಸೆಪಡುವುದಕ್ಕೂ ಮೈಯಲ್ಲಿ ಕಸುವಿಲ್ಲ ಅನ್ನಿಸಿತು.

ಪ್ರತಿ ವಾರ ಇಳಿಯುವಾಗ ಅವನ ಹಿಮ್ಮಡಿ ನೋಡುತ್ತಲೇ ಇಳಿಯುತ್ತಿದ್ದಳು, ಬೇರೇನನ್ನೂ ಕಂಡವಳಲ್ಲ. ಇವತ್ತು ಒಬ್ಬಳೇ. ಸೀಳುಬಂಡೆಯ ಹತ್ತಿರ ಕಣ್ಣೊರೆಸಿಕೊಂಡು ತಲೆ ಎತ್ತಿದರೆ, ಎದುರಿಗೇ ಒಂದು ನೀಲಿ ಬಾಣ. ದೋಣಿಗೆ ಬಳಿಯುವ ನೀಲಿ. ಹತ್ತುವವರಿಗೆ ಕಾಣದ ಮಗ್ಗುಲಲ್ಲಿ, ಇಳಿಯುವವರ ಕಡೆ ಮುಖ ಮಾಡಿ, ಪೊದೆಯ ಹಿಂದಿನ ಒಂದು ಹೊಸ ದಾರಿಯನ್ನು ತೋರಿಸುತ್ತಿತ್ತು.

ಅತ್ತ ಹೊರಳಿದಳು. ಆ ದಾರಿ ಬೆಟ್ಟವನ್ನು ಬಳಸಿ ಬಳಸಿ ಮೆಲ್ಲಗೆ ಇಳಿಯುತ್ತಿತ್ತು. ಚಪ್ಪಡಿಯ ಮೆಟ್ಟಿಲುಗಳು ಗೇಣಿನ ಅರ್ಧದಷ್ಟೇ ಎತ್ತರ. ಎಡಗೈಗೆ ಸಿಗುವ ಹಾಗೆ ಮರದಿಂದ ಮರಕ್ಕೆ ದೋಣಿಯ ಹಗ್ಗ ಬಿಗಿದಿತ್ತು. ಇಪ್ಪತ್ತು ಹೆಜ್ಜೆಗೊಂದು ಕೂರುವ ಕಲ್ಲು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುವವರು ಈ ಬೆಟ್ಟದಲ್ಲಿ ಒಬ್ಬರೇ.

ಅವಳು ಹಗ್ಗ ಹಿಡಿದು ಕಲ್ಲುಗಳನ್ನು ಎಣಿಸುತ್ತಾ ಇಳಿದಳು.

ಹನ್ನೊಂದನೆಯ ಕಲ್ಲಿನ ಹತ್ತಿರ ದಾರಿ ನಿಂತುಹೋಯಿತು. ಮುಂದೆ ಬರೀ ಮುಳ್ಳು, ಒಂದು ಗುದ್ದಲಿ, ಕೊಂಬೆಗೆ ತೂಗುಹಾಕಿದ ಅವನ ಹಳೇ ಶರ್ಟು. ಎಷ್ಟೋ ಕೆಳಗೆ ಆಸ್ಪತ್ರೆಯ ಹಿಂದಿನ ಗೇಟು ಕಾಣುತ್ತಿತ್ತು. ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು.

ಏದುಸಿರು ಬಿಡುತ್ತಾ ಅವನು ಬಂದ. ಅವಳನ್ನು ಅಲ್ಲಿ ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖ ಮಾಡಿದ.

"ಅಯ್ಯೋ, ಇದನ್ನ ಯಾಕ್ ನೋಡಿದ್ರಿ? ಇನ್ನೂ ಮುಗಿದಿಲ್ಲ!"

"ಎಷ್ಟು ದಿನದಿಂದ ಮಾಡ್ತಿದೀರಿ?"

"ಒಂದೂವರೆ ವರ್ಷ. ಸಂಜೆ ಹೊತ್ತು."

"ಬಾಯಲ್ಲಿ ಏನಿತ್ತು ನಿಮಗೆ? ಹೇಳೋಕಾಗ್ತಿರ್ಲಿಲ್ವಾ?"

"ನಮ್ಮ ಕೆಲಸ ಹಾಗೇ ರೀ. ಅರ್ಧ ಬಳಿದ ದೋಣೀನ ಯಜಮಾನನಿಗೂ ತೋರಿಸಲ್ಲ ನಾವು, ಟಾರ್ಪಾಲ್ ಮುಚ್ಚಿರ್ತೀವಿ. ಗೇಟಿನ ತನಕ ಮುಗಿಸಿ, ನಿಮ್ಮನ್ನ ಇಳಿಸ್ಕೊಂಡು ಹೋಗಿ, ಅಲ್ಲಿ ಹೇಳೋಣ ಅಂತಿದ್ದೆ."

"ಇನ್ನೆಷ್ಟು ಬೇಕು ಮುಗಿಯೋಕೆ?"

"ಒಂದು ವರ್ಷ. ಮಳೆ ಜಾಸ್ತಿ ಆದ್ರೆ ಇನ್ನೂ ಸ್ವಲ್ಪ."

ಅವಳಿಗೆ ನಗಬೇಕೋ ಎರಡು ಬಾರಿಸಬೇಕೋ ತಿಳಿಯಲಿಲ್ಲ. "ನಂಗೆ ಸಾಕಾಗಿದೆ ರೀ. ಇನ್ನೊಂದು ವರ್ಷ ನನ್ನ ಕೈಲಾಗಲ್ಲ. ಅರ್ಧಂಬರ್ಧ ಆದ್ರೂ ಪರವಾಗಿಲ್ಲ, ಇಲ್ಲೇ ಹೇಳಿ."

ಅವನು ಡಬ್ಬಿ ಕೆಳಗಿಟ್ಟ. "ನೀವಂದ್ರೆ ನಂಗೆ ಜೀವ ರೀ. ಹೋಗ್ಬೇಡಿ. ಮೇಲೆ ನಿಮ್ಮ ಮಂಡಿ ನೆನಪಾಗಿ ಬಾಯಿ ಕಟ್ಟಿಹೋಯ್ತು."

ಅವಳು ಬಹಳ ಹೊತ್ತು ಅತ್ತಳು. ಮೂರು ವರ್ಷದ ಸುಸ್ತೆಲ್ಲ ಇಳಿದುಹೋಗುವಂತೆ ಅತ್ತಳು. ಅವನು ಪಕ್ಕದಲ್ಲಿ ಕೂತು, ಬಣ್ಣದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದ. ಕೊನೆಗೆ ಅವಳೇ ಅದನ್ನು ಎಳೆದು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಸೀರೆಗೆ ಹಳದಿ ಹತ್ತಿತು, ಹತ್ತಲಿ.

"ನಾಳೆ ಡ್ಯೂಟಿ ಮುಗಿಸಿ ಬರ್ತೀನಿ" ಎಂದಳು. "ಇನ್ನೊಂದು ಬ್ರಷ್ ತಂದಿಡು. ಬಾಣ ಬಿಡಿಸೋಕೆ ಮಂಡಿ ಬೇಕಾಗಲ್ಲ."