ಹಸುವಿನ ಕಿವಿಯ ಹನ್ನೆರಡು ಅಂಕಿ

ಫೆಬ್ರವರಿ ಮೂರು, ಮಂಗಳವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಂಜನಗೂಡಿನ ಠಾಣೆಗೆ ಕೆಸರು ಬೂಟಿನ ಮನುಷ್ಯನೊಬ್ಬ ನುಗ್ಗಿ ಬಂದ. ಹೆಸರು ಚಿರಂತನ, ಮೈಸೂರಿನಲ್ಲಿ ಹಲ್ಲಿನ ಡಾಕ್ಟರು, ಹಕ್ಕಿ ಫೋಟೋ ತೆಗೆಯುವ ಹುಚ್ಚು. ದೇವನೂರಿನ ಕೆರೆ ಏರಿಯ ಮೇಲೆ ಸ್ಟ್ಯಾಂಡಿಗೆ ಹಾಕಿಟ್ಟಿದ್ದ ಅವನ ಕ್ಯಾಮೆರಾ, ಮೊಳದುದ್ದದ ಲೆನ್ಸಿನ ಸಮೇತ, ಐದು ನಿಮಿಷದಲ್ಲಿ ಮಾಯವಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ರುದ್ರಾಣಿಯ ತಲೆ ಅಷ್ಟು ಹೊತ್ತಿಗಾಗಲೇ ಮೊಸರುಗಡಿಗೆಯಾಗಿತ್ತು. ಅರ್ಧ ಸಿಬ್ಬಂದಿ ಬಂದೋಬಸ್ತಿಗೆ ಹೋಗಿದ್ದರು, ಜೀಪಿನ ಕ್ಲಚ್ಚು ಕೈಕೊಟ್ಟಿತ್ತು, ಈಗ ಈ ಮಹಾನುಭಾವ.

"ಕ್ಯಾಮೆರಾ ಬಿಟ್ಟು ಎಲ್ಲಿಗೆ ಹೋಗಿದ್ರಿ?"

"ಪೊದೆ ಹಿಂದೆ."

"ಯಾಕೆ?"

"ಯಾಕೆ ಹೋಗ್ತಾರೆ ಮೇಡಂ!"

ಹೆಡ್ ಕಾನ್‌ಸ್ಟೇಬಲ್ ಮಹಾದೇವಸ್ವಾಮಿ ಮುಖ ಕೂಡ ಎತ್ತದೆ 'ಮೂತ್ರವಿಸರ್ಜನೆಗೆ' ಎಂದು ಬರೆದುಕೊಂಡ.

"ಸದ್ದೇನಾದ್ರೂ ಕೇಳಿಸ್ತಾ?"

"ಇಲ್ಲ. ಇದು ಮಿರರ್‌ಲೆಸ್ ಕ್ಯಾಮೆರಾ. ಒಳಗೆ ಕನ್ನಡಿ ಇರಲ್ಲ, ಕ್ಲಿಕ್ ಅನ್ನಲ್ಲ. ಸೆಕೆಂಡಿಗೆ ಮೂವತ್ತು ಫೋಟೋ ಹೊಡೀತದೆ, ಪಕ್ಕದಲ್ಲಿ ನಿಂತೋನಿಗೂ ಗೊತ್ತಾಗಲ್ಲ. ಟವರ್ ಲೊಕೇಶನ್ ಹಾಕಿಸಿ ಮೇಡಂ."

"ಕ್ಯಾಮೆರಾಗೆ ಸಿಮ್ ಹಾಕಿದ್ರಾ?"

"ಇಲ್ಲ."

"ಮತ್ತೆ ಯಾವ ಟವರ್‌ರೀ!"

ಹನ್ನೊಂದಕ್ಕೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 303(2), ಕಳವು. ಸಹಿ ಹಾಕಿದವನೇ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ಕಾಲು ಗಂಟೆಯಲ್ಲಿ ರುದ್ರಾಣಿಯ ಫೋನು ಬಡಿದುಕೊಂಡಿತು. ಮೇಲಧಿಕಾರಿಗಳು. ಡಾಕ್ಟರ ಭಾವ ಅವರಿಗೆ ಬೇಕಾದವರಂತೆ. ಗುರುವಾರ ಸಂಜೆಯ ಕ್ರೈಂ ಮೀಟಿಂಗಿನೊಳಗೆ ಮಾಲೂ ಸಿಗಬೇಕು, ಕಳ್ಳನ ಅರೆಸ್ಟೂ ತೋರಿಸಬೇಕು, ಇಲ್ಲದಿದ್ದರೆ ಮೆಮೊ. ಎಂಟು ತಿಂಗಳಲ್ಲಿ ಅವಳಿಗೆ ಇದು ಮೂರನೆಯ ಮೆಮೊ ಆಗುತ್ತಿತ್ತು. ಮೂರಾದರೆ ಎತ್ತಂಗಡಿ ಖಂಡಿತ.

ಸ್ಥಳ ಪಂಚನಾಮೆ ಹನ್ನೆರಡೂ ಹತ್ತರಿಂದ ಒಂದು ಗಂಟೆವರೆಗೆ ನಡೆಯಿತು. ಸಿಕ್ಕಿದ್ದು ಸ್ಟ್ಯಾಂಡಿನ ಮೂರು ಗುಳಿ, ಒಂದಷ್ಟು ಸಗಣಿ. ಅಷ್ಟರಲ್ಲಿ ಚಿರಂತನ ತನ್ನ ಮೊಬೈಲು ನೋಡುತ್ತಿದ್ದವನು ಹೌಹಾರಿದ.

"ಮೇಡಂ! ಕಳ್ಳ ಫೋಟೋ ತೆಗೆದವ್ನೆ!"

ಆಗಿದ್ದು ಇಷ್ಟು. ತೆಗೆದ ಪ್ರತಿ ಫೋಟೋದ ಸಣ್ಣ ಪ್ರತಿ ಆಗಿಂದಾಗ ಮೊಬೈಲಿಗೆ ಬರುವ ಹಾಗೆ ಆತ ಕ್ಯಾಮೆರಾ ಹೊಂದಿಸಿಟ್ಟಿದ್ದ. ಕಳ್ಳ ಅದನ್ನು ಎತ್ತಿಕೊಳ್ಳುವಾಗ ಬೆರಳು ಬಟನ್ನಿನ ಮೇಲೆ ಬಿದ್ದಿದೆ. ಸದ್ದಿಲ್ಲದ ಯಂತ್ರ, ಪಾಪ ಅವನಿಗೆ ಹೇಗೆ ಗೊತ್ತಾಗಬೇಕು? ಮೊಬೈಲು ಹತ್ತಿರದಲ್ಲೇ ಇದ್ದುದರಿಂದ ಅರುವತ್ತೊಂದು ಫೋಟೋ ಬಂದು ಕೂತಿದ್ದವು.

ರುದ್ರಾಣಿ ಆಸೆಯಿಂದ ಮೊಬೈಲು ಕಿತ್ತುಕೊಂಡಳು. ನೋಡುತ್ತ ನೋಡುತ್ತ ಅವಳ ಮುಖ ಇಂಗು ತಿಂದ ಹಾಗಾಯಿತು. ಅರುವತ್ತೊಂದರಲ್ಲೂ ಒಂದು ಮೂಲೆಯಲ್ಲಿ ಯಾರದೋ ಪಂಚೆ ಮಸುಕು ಮಸುಕಾಗಿ ಕಾಣುತ್ತಿತ್ತು. ನಡುವೆ ಒಂದು ಕಪ್ಪು ಬಿಳಿ ಸೀಮೆಹಸು, ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಗಿ, ಇವಳನ್ನೇ ನೋಡುತ್ತಿತ್ತು.

"ಇದೇನ್ರೀ ಇದು?"

"ಪ್ರಾಣಿ ಪಕ್ಷಿ ಕಣ್ಣು ಹುಡುಕಿ ಫೋಕಸ್ ಮಾಡೋ ಥರ ಇಟ್ಟಿದ್ದೆ ಮೇಡಂ. ಮನುಷ್ಯರನ್ನ ಅದು ಲೆಕ್ಕಕ್ಕೆ ತಗೊಳ್ಳಲ್ಲ."

"ಹಸೂನ ಅರೆಸ್ಟ್ ಮಾಡ್ಲಾ ನಾನು?"

ಹಸುವಿನ ಫೋಟೋ ಹಿಡಿದುಕೊಂಡು ಮಹಾದೇವಸ್ವಾಮಿ ಊರಿಡೀ ಅಲೆದ. ಹಾಲಿನ ಡೈರಿಯ ಮುಂದೆ ಕೂತವರು, ಅರಳಿಕಟ್ಟೆಯವರು, ಅಂಗಡಿಯವರು ಎಲ್ಲರೂ ಮಾತಾಡಿಕೊಂಡವರ ಹಾಗೆ ಒಂದೇ ರಾಗ.

"ನಮ್ಮೂರ ಅಸ ಅಲ್ಲ ಕಣ್ ಸಾ."

"ಸರಿಯಾಗಿ ನೋಡಯ್ಯ."

"ನೋಡ್ದೆ ಕಣ್ ಸಾ. ಎಲ್ಲಾ ಸೀಮೆಅಸನೂ ಇಂಗೇ ಇರ್ತವೆ. ಯಾರ್ದು ಅಂತ ಯೋಳಾದು?"

ತನ್ನ ಊರಿನ ದನವನ್ನು ಒಕ್ಕಲು ಮಕ್ಕಳು ಗುರುತಿಸುವುದಿಲ್ಲವೆಂದರೆ ಯಾರು ನಂಬುತ್ತಾರೆ? ಊರೇ ಬಾಯಿ ಹೊಲಿದುಕೊಂಡಿದೆ ಎನ್ನುವುದು ರುದ್ರಾಣಿಗೆ ಅರ್ಥವಾಯಿತು. ಯಾಕೆನ್ನುವುದು ಅರ್ಥವಾಗದೆ ಮೈಯೆಲ್ಲ ಉರಿಯಿತು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅವಳು ಮತ್ತೆ ಆ ಫೋಟೋಗಳ ಮುಂದೆ ಕೂತಳು. ಹಸುವಿನ ಕಿವಿಯಲ್ಲಿ ಹಳದಿ ಬಿಲ್ಲೆ. ಪಶು ಇಲಾಖೆಯವರು ಹಾಕುವ ಹನ್ನೆರಡು ಅಂಕಿಯ ಬಿಲ್ಲೆ. ಹನ್ನೊಂದು ಅಂಕಿ ಸಲೀಸಾಗಿ ಓದಿಸಿಕೊಂಡವು. ಹನ್ನೆರಡನೆಯದರ ಮೇಲೆ ಕಿವಿಯ ಕೂದಲು. ಹಾಳಾಗಿ ಹೋಗಲಿ! ಒಂದೊಂದೇ ಫೋಟೋ ಸರಿಸಿದಳು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಲವತ್ತೇಳನೆಯದಕ್ಕೆ ಬಂದಾಗ ಒಂದು ನೊಣ ಕೂತಿತ್ತು. ನಲವತ್ತೆಂಟರಲ್ಲಿ ಹಸು ಕಿವಿ ಒದರಿತ್ತು. ಹನ್ನೆರಡನೆಯ ಅಂಕಿ ಏಳು.

"ಮಹಾದೇವಸ್ವಾಮಿ, ಬೈಕ್ ತೆಗೀರಿ!"

ಪಶು ಆಸ್ಪತ್ರೆಯಲ್ಲಿ ಕರೆಂಟಿರಲಿಲ್ಲ. ಎರಡು ಗಂಟೆ ಬೆಂಚಿನ ಮೇಲೆ ಕಾದರು. ಹನ್ನೊಂದೂವರೆಗೆ ಡಾಕ್ಟರ್ ಶ್ರೀವಾಣಿ ಕಂಪ್ಯೂಟರಿನಲ್ಲಿ ನೋಡಿ ಹೇಳಿದರು, "ಮಾಲೀಕರ ಹೆಸರು ಚನ್ನಾಜಮ್ಮ. ಆದ್ರೆ ಊರು ಇಲ್ಲಿಯದಲ್ಲ ಮೇಡಂ, ಟಿ. ನರಸೀಪುರ ತಾಲ್ಲೂಕು."

ದೇವನೂರಿನವರು ನಿಜವನ್ನೇ ಹೇಳಿದರೇನೋ ಎಂದುಕೊಂಡು ರುದ್ರಾಣಿ ಹಲ್ಲು ಕಡಿದಳು. ಆ ಕಡೆಯ ಠಾಣೆಗೆ ಪತ್ರ, ಅವರ ಒಪ್ಪಿಗೆ, ಅವರೊಬ್ಬ ಕಾನ್‌ಸ್ಟೇಬಲು ಬರುವವರೆಗೆ ಕಾಯುವುದು ಎಂದು ಬುಧವಾರ ಮುಗಿದೇ ಹೋಯಿತು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಆ ವಿಳಾಸದ ಜಗಲಿಯಲ್ಲಿ ಸಿಕ್ಕವನು ರಂಗನಾಯಕ, ಚನ್ನಾಜಮ್ಮನ ತಮ್ಮ.

"ಚನ್ನಾಜಮ್ಮ ಎಲ್ಲಿ? ಕರೀರಿ."

ರಂಗನಾಯಕ ಜಗಲಿಯಿಂದ ಎದ್ದು ನಿಂತ. "ಅಕ್ಕ ತೀರ್ಕಂಡ್ಳು ಮೇಡಮ್ಮೋರೆ. ಓದ ವಾರದ ಮಂಗಳವಾರ. ಎದೆ ನೋವು ಅಂದ್ಳು, ಆಸ್ಪತ್ರೆ ಗೇಟ್ ತಕ ಓಗಿಲ್ಲ. ನಾಳಿಕೆ ಅನ್ನೊಂದನೇ ದಿನದ ತಿಥಿ."

ರುದ್ರಾಣಿಯ ದನಿ ಇಳಿಯಿತು. "ಅವರ ಹಸು?"

"ಅದು ನಾನು ಕೊಟ್ಟ ಬಳುವಳಿ. ಕರುವಾಗಿದ್ದಾಗ್ಲೇ ಅಕ್ಕನ ಹೆಸರು ಬರ್ಸಿ ಬಿಲ್ಲೆ ಆಕ್ಸಿದ್ದೆ, ಗೌರಿ ಹಬ್ಬಕ್ಕೆ ಬಂದಾಗ ಹೊಡ್ಕಂಡ್ ಓದ್ಳು. ಈಗ ದೇವನೂರಲ್ಲಿ ಭಾವ ನೋಡ್ಕತಾವ್ರೆ. ಸಿದ್ದರಾಜು ಅಂತ."

ಮಧ್ಯಾಹ್ನ ಒಂದೂ ಮುಕ್ಕಾಲಿಗೆ, ಕ್ಲಚ್ಚು ರಿಪೇರಿಯಾಗಿದ್ದ ಜೀಪು ಸಿದ್ದರಾಜುವಿನ ಮನೆ ಮುಂದೆ ನಿಂತಿತು. ಹಸು ಬಾಗಿಲಲ್ಲೇ ಕಟ್ಟಿತ್ತು. ಐವತ್ತರ ಆಸುಪಾಸಿನ ಮನುಷ್ಯ, ಒಂಬತ್ತು ದಿನದ ಗಡ್ಡ. ಪೊಲೀಸರನ್ನು ಕಂಡು ಓಡಲಿಲ್ಲ.

"ಕ್ಯಾಮೆರಾ ಎಲ್ಲಿಟ್ಟಿದ್ದೀಯಪ್ಪ?"

"ಒಳಗೈತೆ ಸಾ," ಎಂದು ಮಹಾದೇವಸ್ವಾಮಿಗೆ ಹೇಳಿ ಎದ್ದುಹೋದ. ಹೆಂಗಸಿನ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಗಂಟನ್ನು ತಂದು ಜಗಲಿಯ ಮೇಲಿಟ್ಟ. "ಬ್ಯಾಟರಿ ಖಾಲಿಯಾಗೈತೆ. ಸ್ಟುಡಿಯೋದೋನು ನಂತಾವು ಇದರ ಚಾರ್ಜರ್ ಇಲ್ಲ ಅಂದ. ಫೋಟೋ ತಕ್ಕಂಡ್ಮೇಲೆ ನಾನೇ ತಂದು ಕೊಡಾವ ಅಂತಿದ್ದೆ."

"ಯಾವ ಫೋಟೋ?"

"ನಮ್ಮವಳ್ದು. ಹಲ್ಲಿನ ಡಾಕ್ಟ್ರು ದೀಪಾವಳಿ ಆದ್ಮೇಲೆ ಬಂದಿದ್ರು. ಇವ್ಳು ಮಜ್ಜಿಗೆ ತಕ್ಕೊಂಡೋಗಿ ಕೊಟ್ಟಿದ್ಲು. ಹಸಿನ ಕೊರಳು ತಬ್ಬಿಸಿ ನಿಲ್ಸಿ ತೆಗೆದ್ರು. ನಗ್ತಾ ಇದ್ಲು. ವಾಟ್ಸಾಪ್‌ಗೆ ಕಳಿಸ್ತೀನಿ ಅಂತ ನಂಬರ್ ಬರ್ಕಂಡ್ರು, ತಮ್ದೂ ಕೊಟ್ರು. ಕಳಿಸ್ನೇ ಇಲ್ಲ. ಇವ್ಳು ತೀರ್ಕಂಡ್ಮೇಲೆ ದಿನಾ ಫೋನ್ ಮಾಡ್ದೆ, ತೆಗೀನೇ ಇಲ್ಲ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಫೋಟೋ ಅಂದ್ರೆ ಮಕ ತಿರುಗಿಸ್ಕಂಡು ಓಡೋಳು ಸಾ. ಇರಾದು ಆಧಾರ್ ಕಾರ್ಡ್ನಾಗೆ ಒಂದೇ. ದೊಡ್ಡದು ಮಾಡಿದ್ರೆ ಮೂಗು ಬಾಯಿ ಗೊತ್ತಾಗಲ್ಲ. ತಿಥಿ ದಿನ ಯಾವುದಕ್ಕೆ ಹೂವಾಕ್ಲಿ?"

ಜಪ್ತಿ ಪಂಚನಾಮೆ ಎರಡೂ ಮುಕ್ಕಾಲಿಗೆ ಮುಗಿಯಿತು. ಬೀದಿಯ ಜನವೆಲ್ಲ ನಿಂತು ನೋಡಿದರು. 'ನಮ್ಮೂರ ಅಸ ಅಲ್ಲ' ಎಂದಿದ್ದವನೇ ಹಸುವಿಗೆ ಹುಲ್ಲು ಹಾಕಿದ.

ಮೂರೂವರೆಗೆ ಚಿರಂತನ ಠಾಣೆಗೆ ಬಂದು ಕ್ಯಾಮೆರಾ ಗುರುತಿಸಿದ. ಲೆನ್ಸನ್ನು ಬೆಳಕಿಗೆ ಹಿಡಿದು ಗೀರು ಹುಡುಕುತ್ತಿದ್ದವನನ್ನು ರುದ್ರಾಣಿ ತಡೆದಳು.

"ಹಸು ತಬ್ಬಿಕೊಂಡ ಹೆಂಗಸಿನ ಫೋಟೋ ಎಲ್ಲಿ ಡಾಕ್ಟ್ರೇ?"

ಅವನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಓ, ಅದಾ? ಬೆಳಕು ಹೇಗಿದೆ ಅಂತ ನೋಡೋಕೆ ತೆಗೆದಿದ್ದು. ದಿನಕ್ಕೆ ಆರೇಳು ಸಾವಿರ ಆಗ್ತವೆ ಮೇಡಂ, ಇಟ್ಕೊಳ್ಳೋದು ಹತ್ತೋ ಹದಿನೈದೋ. ಅವತ್ತೇ ಡಿಲೀಟ್ ಮಾಡಿದೆ."

"ಮೊಬೈಲ್‌ನಲ್ಲಿ?"

"ಅದೂ ಅಷ್ಟೇ."

"ನಿಮ್ಮ ಮೊಬೈಲ್ ಕೊಡಿ ಇಲ್ಲಿ." ಜನವರಿ ಇಪ್ಪತ್ತೆಂಟರಿಂದ ಫೆಬ್ರವರಿ ಎರಡರವರೆಗೆ ಒಂದೇ ನಂಬರಿನಿಂದ ಹನ್ನೊಂದು ಮಿಸ್ಡ್ ಕಾಲ್ ಇದ್ದವು. "ಯಾಕೆ ತೆಗೀಲಿಲ್ಲ?"

"ಗೊತ್ತಿಲ್ಲದ ನಂಬರ್ ನಾನು ತೆಗೆಯಲ್ಲ ಮೇಡಂ." ಆಮೇಲೆ ಆತನ ಮುಖ ಬಾಡಿತು. "ನಾನು ಕಂಪ್ಲೇಂಟ್ ವಾಪಸ್ ತಗೋತೀನಿ."

"ಅದನ್ನ ಕೋರ್ಟಲ್ಲಿ ಹೇಳಬೇಕು ಸ್ವಾಮಿ! ಅರೆಸ್ಟ್ ಬೇಡ, ಸಿದ್ದರಾಜುಗೆ ನೋಟಿಸ್ ಕೊಟ್ಟು ಮನೆಗೆ ಕಳಿಸ್ತೀನಿ ಅಂತ ಈಗಷ್ಟೇ ಸಾಹೇಬ್ರನ್ನ ಬೇಡಿಕೊಂಡೆ. ಅರೆಸ್ಟೇ ತೋರಿಸು, ಡಾಕ್ಟ್ರ ಭಾವನಿಗೆ ಮಾತು ಕೊಟ್ಟಿದ್ದೀನಿ ಅಂದ್ರು. ಫೋನ್ ಮಾಡಿಸಿದ್ದು ನೀವೇ ತಾನೆ? ಈಗ ನೀವೇ ಅವ್ರಿಗೆ ಹೇಳಿಸಿ, ಹೋಗಿ!"

ಚಿರಂತನ ಹೊರಗೆ ನಿಂತು ಭಾವನಿಗೆ ಫೋನ್ ಮಾಡತೊಡಗಿದ. ಭಾವ ತೆಗೆಯಲಿಲ್ಲ.

ಫೋಟೋ ಇಲ್ಲವೆಂದು ಸಿದ್ದರಾಜುವಿಗೆ ರುದ್ರಾಣಿಯೇ ಹೇಳಿದಳು. ಅವನು ಎರಡು ಸಲ ಕೇಳಿದ, "ಒಂದೂ ಇಲ್ವಾ?" ಅವಳು ಎರಡು ಸಲವೂ ಇಲ್ಲವೆಂದಳು. ಆಮೇಲೆ ಅವನು ಗೋಡೆಗೆ ಒರಗಿ ಕೂತುಬಿಟ್ಟ.

ನಾಲ್ಕೂ ಇಪ್ಪತ್ತಕ್ಕೆ ಮಹಾದೇವಸ್ವಾಮಿ ಬಂಧನದ ಫಾರಂ ತುಂಬಲು ಕೂತ. ಹೆಸರು, ತಂದೆ ಹೆಸರು, ವಯಸ್ಸು, ಕಸುಬು ಆಯಿತು. ಎಲ್ಲಕ್ಕೂ ಸಿದ್ದರಾಜು ನೆಲ ನೋಡುತ್ತಲೇ ಉತ್ತರ ಕೊಟ್ಟ.

"ಅರೆಸ್ಟ್ ಆಗಿರೋದನ್ನ ಮನೇಲಿ ಯಾರಿಗೆ ತಿಳಿಸ್ಬೇಕಪ್ಪ?"

"ಚನ್ನಾಜಮ್ಮ," ಎಂದ ಸಿದ್ದರಾಜು. ತಡವರಿಸದೆ ಹತ್ತು ಅಂಕಿಯ ಫೋನ್ ನಂಬರೂ ಹೇಳಿದ. "ಗಾಬರಿ ಆಯ್ತಾಳೆ ಸಾ. ವಸಿ ನಿದಾನಕ್ಕೆ ಯೋಳಿ."

ಮಹಾದೇವಸ್ವಾಮಿ ಅರ್ಧ ಬರೆದ ಹೆಸರಿನ ಮೇಲೆ ಪೆನ್ನಿಟ್ಟುಕೊಂಡು ರುದ್ರಾಣಿಯ ಕಡೆ ನೋಡಿದ. ಅವಳು ಅದನ್ನು ಬಿಟ್ಟು ನೋಟಿಸಿನ ಫಾರಂ ತೆಗೆದುಕೊಳ್ಳಿ ಎಂದಳು.